ಒಂದು ಹಗಲಿನ ರಾಜಧಾನಿ: ದಿನಯಾತ್ರೆಯ ಬರಹವನ್ನು ಕುರಿತು

ಕಳೆದ ತಿಂಗಳಿನ ನಮ್ಮ ಸಂಘದ ಗೋಷ್ಠಿಯಲ್ಲಿ ಸದಸ್ಯರೊಬ್ಬರು ತಮ್ಮ ಪ್ರವಾಸಲೇಖನವೊಂದನ್ನು ಓದಿದರು. ಅವರು ವಿಯೆನ್ನಾ ನಗರದಲ್ಲಿ ಉದ್ಯೋಗದಲ್ಲಿರುವ ಮಗಳ ಮನೆಗೆ ಹೋಗಿದ್ದವರು. ಅಲ್ಲಿಂದ ಒಂದು ಬೆಳಗ್ಗೆ ರೈಲು ಹತ್ತಿ, ನೆರೆಯ ಸ್ಲೊವಾಕಿಯಾ ದೇಶದ ರಾಜಧಾನಿಯಾದ ಬ್ರಾಟಿಸ್ಲಾವಾವನ್ನು ನೋಡಿಕೊಂಡು, ಅಂದಿನ ರಾತ್ರಿಯ ಊಟಕ್ಕೆ ಮಗಳ ಮನೆಗೇ ಮರಳಿದವರು. ಲೇಖನವು ಮುಗಿಯುತ್ತಲೇ ಸಭೆಯಲ್ಲಿ ಒಂದು ಬಗೆಯ ಮೆಲುನಗೆಯು ಹರಡಿತು. ಬೆಳಗ್ಗೆ ಹೋಗಿ ಸಂಜೆಗೆ ಬಂದವನು ಪರದೇಶದ ರಾಜಧಾನಿಯೊಂದನ್ನು ವರ್ಣಿಸುವುದೆಂದರೇನು? ಇದು ಸಂತೆಗೆ ಹೋಗಿ ಬಂದಷ್ಟೇ ಆಯಿತಲ್ಲವೆ? ಹೀಗೆಂದು ಹಿರಿಯರೊಬ್ಬರು ಬಾಯಿಬಿಟ್ಟು ಹೇಳಿದರು. ಉಳಿದವರು ಹೇಳದೆ ನಕ್ಕರು. ನಕ್ಕವರಲ್ಲಿ ಪ್ರಕೃತ ಲೇಖಕನೂ ಒಬ್ಬನು.

ಗೋಷ್ಠಿಯು ಮುಗಿದ ತರುವಾಯ ಆ ಮಿತ್ರರು ತಮ್ಮ ಹಸ್ತಪ್ರತಿಯನ್ನು ನನ್ನ ಕೈಗಿತ್ತು, ನಿರ್ದಾಕ್ಷಿಣ್ಯವಾಗಿ ವಿಮರ್ಶಿಸಿ ಪತ್ರಿಕೆಯಲ್ಲಿಯೇ ಬರೆಯಬೇಕೆಂದು ಕೇಳಿಕೊಂಡರು. ಮನೆಯಲ್ಲಿ ಕುಳಿತು ಎರಡು ಬಾರಿ ಓದಿದೆನು. ಮೊದಲನೆಯ ಓದಿನಲ್ಲಿ ನನ್ನ ನಗೆಯೇ ಸರಿಯೆಂದು ತೋರಿತು. ಎರಡನೆಯ ಓದಿನಲ್ಲಿ ಹಾಗೆ ತೋರಲಿಲ್ಲ. ಈ ಎರಡು ಓದುಗಳ ನಡುವಣ ಅಂತರವನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ. ಇಂದು ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಹೊರದೇಶಗಳಲ್ಲಿ ನೆಲೆಸಿರುವರು. ಅವರನ್ನು ನೋಡಲು ಹೋದ ತಂದೆತಾಯಿಗಳು ಇಂತಹ ಲೇಖನಗಳನ್ನು ಬರೆದು ತರುತ್ತಲೇ ಇರುವರು. ಆದುದರಿಂದ ಈ ವಿಚಾರವು ಒಬ್ಬರದಲ್ಲ, ಒಂದು ಬರಹದ ಜಾತಿಯದು.

ನಮ್ಮಲ್ಲಿ ಪರದೇಶ ಪ್ರವಾಸದ ಸಾಹಿತ್ಯವು ದೀರ್ಘಕಾಲದ ಅನುಭವದಿಂದ ಬೆಳೆದು ಬಂದುದು. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಪಡೆದ ಗೊರೂರರ ‘ಅಮೆರಿಕದಲ್ಲಿ ಗೊರೂರು’ ಇವುಗಳನ್ನು ಓದಿ ಬೆಳೆದ ನಮಗೆ, ಪ್ರವಾಸವೆಂದರೆ ದೂರ ಹೋಗಿ ಬಹುದಿನ ಕಳೆದು ಬರುವುದು ಎಂಬ ಭಾವನೆಯು ಬೇರೂರಿದೆ. ಅದಕ್ಕಿಂತ ಹಿಂದಿನ ತೀರ್ಥಯಾತ್ರೆಯಂತೂ ತಿಂಗಳುಗಟ್ಟಲೆ ಕಾಲ್ನಡಿಗೆಯದು. ಹೊರಟವರು ಮರಳುವರೆಂಬ ಭರವಸೆಯೂ ಇರುತ್ತಿರಲಿಲ್ಲ. ದಿನಯಾತ್ರೆಯಾದರೋ ಬೇರೊಂದು ವಂಶದ್ದು. ಅದು ರೈಲಿನ ಸಂತಾನ. ೧೮೪೧ರ ಜುಲೈ ೫ರಂದು ಇಂಗ್ಲೆಂಡಿನ ಥಾಮಸ್ ಕುಕ್ ಎಂಬಾತನು ಸುಮಾರು ೫೦೦ ಮಂದಿಯನ್ನು ತಲೆಗೊಂದು ಷಿಲ್ಲಿಂಗಿನಂತೆ ಲೆಸ್ಟರಿನಿಂದ ಲಫ್‌ಬರೋ ಊರಿಗೆ ರೈಲಿನಲ್ಲಿ ಕರೆದೊಯ್ದು ಅಂದೇ ಮರಳಿ ತಂದನು. ಅದು ಮದ್ಯಪಾನವಿರೋಧಿಗಳ ಸಭೆಯೊಂದಕ್ಕಾಗಿ ಮಾಡಿದ ಏರ್ಪಾಡು. ವ್ಯಾಪಾರವಲ್ಲದೆ, ಹರಕೆಯಲ್ಲದೆ, ಸಾಮಾನ್ಯ ಕೆಲಸಗಾರನೂ ಒಂದು ಹಗಲಿಗೆ ಊರು ಬಿಟ್ಟು ಊರು ನೋಡಬಹುದೆಂಬುದು ಇಂತಹ ಯಾತ್ರೆಗಳಿಂದ ಜನರ ಮನಸ್ಸಿಗೆ ಬಂದಿತು. ಈ ವಂಶಮೂಲವನ್ನು ಅರಿಯದೆ, ದಿನಯಾತ್ರೆಯ ಬರಹವನ್ನು ಕಾಶೀಯಾತ್ರೆಯ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ.

ಆದರೂ ಹಿರಿಯರ ಆಕ್ಷೇಪವನ್ನು ಹಾಗೆಯೇ ತಳ್ಳಿಹಾಕಲಾಗದು. ಎಂಟು ತಾಸುಗಳಲ್ಲಿ ಒಂದು ಪಟ್ಟಣದ ವಿಷಯವಾಗಿ ಏನು ತಿಳಿಯಲು ಸಾಧ್ಯ? ಇದಕ್ಕೆ ಉತ್ತರವಾಗಿ ಒಂದು ನಿದರ್ಶನವನ್ನು ಕೊಡುವೆನು. ಪ್ಯಾಟ್ರಿಕ್ ಲೀ ಫರ್ಮರ್ ಎಂಬ ಆಂಗ್ಲ ಲೇಖಕನು ತನ್ನ ೧೮ನೆಯ ವಯಸ್ಸಿನಲ್ಲಿ, ೧೯೩೩ರ ಡಿಸೆಂಬರಿನಲ್ಲಿ, ಹಾಲೆಂಡಿನಿಂದ ಕಾನ್‌ಸ್ಟಾಂಟಿನೋಪಲ್ಲಿಗೆ ನಡೆದು ಹೋಗುವ ಸಂಕಲ್ಪದಿಂದ ಹೊರಟನು. ೧೯೩೪ರಲ್ಲಿ ಇದೇ ಬ್ರಾಟಿಸ್ಲಾವಾವನ್ನು ತಲುಪಿ, ಅಲ್ಲಿಂದ ತನ್ನ ನಡಿಗೆಯ ವ್ರತವನ್ನು ಮುರಿದು ಗೆಳೆಯನೊಡನೆ ರೈಲಿನಲ್ಲಿ ಪ್ರಾಗ್ ನಗರಕ್ಕೆ ಹೋಗಿ ಬಂದನು. ಆ ಪ್ರವಾಸದ ಮೊದಲನೆಯ ಸಂಪುಟವಾದ ‘ಎ ಟೈಮ್ ಆಫ್ ಗಿಫ್ಟ್ಸ್’ ಬೆಳಕು ಕಂಡುದು ೧೯೭೭ರಲ್ಲಿ. ನೋಡಿದುದು ಕೆಲವೇ ದಿನ. ಅದು ಮನಸ್ಸಿನಲ್ಲಿ ಮಾಗಿದುದು ನಾಲ್ವತ್ತಕ್ಕೂ ಹೆಚ್ಚು ವರ್ಷ. ಇದರಿಂದ ತಿಳಿಯುವುದೇನೆಂದರೆ, ಬರಹದ ತೂಕವನ್ನು ನಿರ್ಣಯಿಸುವುದು ಅಲ್ಲಿ ಕಳೆದ ಕಾಲವಷ್ಟೇ ಅಲ್ಲ, ಮರಳಿದ ಮೇಲೆ ಅದಕ್ಕೆ ಕೊಟ್ಟ ಕಾಲವೂ ಹೌದು. ನಮ್ಮ ಮಿತ್ರರು ಮರಳಿದ ಮೂರನೆಯ ದಿನವೇ ಲೇಖನವನ್ನು ಮುಗಿಸಿರುವರು. ನನ್ನ ಮೊದಲನೆಯ ಆಕ್ಷೇಪವು ಇಲ್ಲಿದೆ. ಅವರು ಬ್ರಾಟಿಸ್ಲಾವಾದಲ್ಲಿ ಅವಸರ ಮಾಡಿದುದು ತಪ್ಪಲ್ಲ, ರೈಲಿನ ವೇಳೆಯು ಅದನ್ನು ಮಾಡಿಸಿತು; ಮನೆಯ ಮೇಜಿನ ಮುಂದೆ ಅವಸರ ಮಾಡಿದುದು ತಪ್ಪು.

ಇನ್ನು ಲೇಖನದ ಭಾಗಗಳನ್ನು ಕ್ರಮವಾಗಿ ನೋಡೋಣ.

ಮೊದಲನೆಯದು ರೈಲಿನ ಪ್ರಯಾಣ. ವಿಯೆನ್ನಾಕ್ಕೂ ಬ್ರಾಟಿಸ್ಲಾವಾಕ್ಕೂ ನಡುವೆ ಸುಮಾರು ೬೦ ಕಿಲೋಮೀಟರು. ರೈಲಿನಲ್ಲಿ ಒಂದು ಗಂಟೆಯ ದಾರಿ. ರೋಮಿನ ಒಳಗೇ ಇರುವ ವ್ಯಾಟಿಕನ್ನನ್ನು ಬಿಟ್ಟರೆ ಯೂರೋಪಿನಲ್ಲಿ ಎರಡು ರಾಜಧಾನಿಗಳು ಇಷ್ಟು ಸಮೀಪದಲ್ಲಿ ಬೇರೆಲ್ಲಿಯೂ ಇಲ್ಲ. ಈ ಒಂದು ಗಂಟೆಯ ವಿಷಯವಾಗಿ ಲೇಖಕರು ಬರೆದಿರುವುದು ಅರ್ಧ ಪುಟ: ಗಾಡಿಯು ಚೊಕ್ಕಟವಾಗಿತ್ತು, ಆಸನವು ಮೆತ್ತಗಿತ್ತು, ಹೊರಗೆ ಬಯಲು ಮತ್ತು ಗಾಳಿಯಂತ್ರಗಳಲ್ಲದೆ ನೋಡತಕ್ಕುದು ಏನೂ ಇರಲಿಲ್ಲ, ಯಾವಾಗ ದೇಶವು ಬದಲಾಯಿತೆಂಬುದೇ ತಿಳಿಯಲಿಲ್ಲ.

‘ತಿಳಿಯಲಿಲ್ಲ’ ಎಂಬ ಈ ಮಾತನ್ನು ಅವರು ದೂರಿನಂತೆ ಬರೆದಿರುವರು. ನನ್ನ ದೃಷ್ಟಿಯಲ್ಲಿ ಇಡೀ ಪ್ರಯಾಣದ ಮಹಾಘಟನೆಯೇ ಅದು. ಮಾರ್ಷೆಗ್ ಎಂಬ ಊರಿನ ಆಚೆ ರೈಲು ಮೊರಾವಾ ನದಿಯನ್ನು ದಾಟುತ್ತದೆ. ಆ ನದಿಯೇ ಎರಡು ದೇಶಗಳ ಗಡಿ. ಉಗಿಬಂಡಿಯು ಈ ಮಾರ್ಗವಾಗಿ ಮೊದಲು ಬಂದುದು ೧೮೪೮ರಲ್ಲಿ. ಆಗ ಎರಡು ದಡಗಳೂ ಒಬ್ಬನೇ ಚಕ್ರವರ್ತಿಯ ಆಳ್ವಿಕೆಯಲ್ಲಿದ್ದುವು. ೧೯೧೪ರಲ್ಲಿ ಡ್ಯಾನ್ಯೂಬ್ ನದಿಯ ದಕ್ಷಿಣದ ಮಗ್ಗುಲಿನಲ್ಲಿ ಇನ್ನೊಂದು ವಿದ್ಯುತ್ ರೈಲುಮಾರ್ಗವು ತೆರೆಯಿತು. ವಿಯೆನ್ನಾದ ಜನರು ಬೆಳಗ್ಗೆ ಹೋಗಿ ಸಂಜೆ ಬರುವ ವಿಹಾರಕ್ಕೆ ಅದರಲ್ಲಿ ಕುಳಿತು ಬರುತ್ತಿದ್ದರು. ನಮ್ಮ ಮಿತ್ರರ ದಿನಯಾತ್ರೆಯು ಹೊಸದಲ್ಲ, ಒಂದು ಶತಮಾನಕ್ಕೂ ಹಳೆಯದು. ಆದರೆ ನಡುವೆ ಅದು ಕಡಿದುಹೋಗಿತ್ತು. ೧೯೪೮ರಲ್ಲಿ ಚೆಕೊಸ್ಲೊವಾಕಿಯಾ ಕಮ್ಯೂನಿಸ್ಟರ ವಶವಾದ ಮೇಲೆ ಈ ಗಡಿಯಲ್ಲಿ ಮುಳ್ಳುತಂತಿ ಎದ್ದಿತು, ಕಾವಲುಗೋಪುರಗಳು ನಿಂತುವು. ಮೊರಾವಾ ಡ್ಯಾನ್ಯೂಬನ್ನು ಕೂಡುವೆಡೆಯಲ್ಲಿ ದೇವೀನ್ ಎಂಬ ಹಾಳು ಕೋಟೆಯಿದೆ. ೧೮೦೯ರಲ್ಲಿ ನೆಪೋಲಿಯನ್ನನ ಸೈನಿಕರು ಸಿಡಿಸಿದುದು. ಅದರ ಕೆಳಗೆ, ನದಿಯನ್ನು ದಾಟಿ ಆಚೆಗೆ ಹೋಗಲು ಹೆಣಗಿ ಪ್ರಾಣ ತೆತ್ತವರ ನೆನಪಿಗೆ ಒಂದು ಸ್ಮಾರಕವಿದೆ. ೧೯೧೪ರ ವಿದ್ಯುತ್ ರೈಲಿನ ಹಳಿಯು ಇಂದಿಗೂ ಆಸ್ಟ್ರಿಯದ ವೋಲ್ಫ್‌ಸ್ಥಾಲ್ ಎಂಬ ಊರಿನಲ್ಲಿ, ಗಡಿಯನ್ನು ಮುಟ್ಟದೆ, ಮುಗಿದುಹೋಗುತ್ತದೆ.

೧೯೮೯ರ ಡಿಸೆಂಬರ್ ೧೦ರಂದು ಬ್ರಾಟಿಸ್ಲಾವಾದ ಸಾವಿರಾರು ಜನರು ಗಡಿಯನ್ನು ದಾಟಿ ಆಸ್ಟ್ರಿಯದ ಹೈನ್‌ಬುರ್ಗ್ ಊರಿಗೆ ಬರಿಗಾಲಿನ ಪರಿಷೆಯಂತೆ ನಡೆದುಹೋದರು. ೨೦೦೭ರ ಡಿಸೆಂಬರ್ ೨೧ರಂದು ಸ್ಲೊವಾಕಿಯಾ ದೇಶವು ಷೆಂಗೆನ್ ಒಪ್ಪಂದದ ವಲಯವನ್ನು ಸೇರಿದುದರಿಂದ ಗಡಿಯ ಕಾಯಂ ತಪಾಸಣೆಯೂ ನಿಂತಿತು. ಇಷ್ಟೆಲ್ಲ ನಡೆದುದರ ಫಲವಾಗಿ ನಮ್ಮ ಮಿತ್ರರಿಗೆ ದೇಶವು ಬದಲಾದುದು ತಿಳಿಯಲಿಲ್ಲ. ಆಗದೆ ಉಳಿದುದನ್ನು ಕಾಣುವ ಕಣ್ಣು ಪ್ರವಾಸಿಗೆ ಇರಬೇಕು. ನೋಡತಕ್ಕುದು ಏನೂ ಇಲ್ಲದಿದ್ದ ಆ ಬಯಲನ್ನು ನೋಡಬೇಕೆಂದು ಎಷ್ಟು ಜನರು ಎಷ್ಟು ವರ್ಷ ಕಾದಿದ್ದರು!

ಎರಡನೆಯ ಭಾಗವು ಪಟ್ಟಣದ ವರ್ಣನೆ. ಇದು ಒಂಬತ್ತು ಪುಟಗಳಷ್ಟಿದ್ದು ಲೇಖನದ ಅತ್ಯಂತ ದುರ್ಬಲ ಭಾಗವಾಗಿದೆ. ಬೆಟ್ಟದ ಮೇಲಿನ ಅರಮನೆಕೋಟೆ, ಸಂತ ಮಾರ್ಟಿನ್ನನ ದೇವಾಲಯ, ಮೈಕೇಲನ ಹೆಬ್ಬಾಗಿಲು, ೧೯೧೩ರಲ್ಲಿ ಸಿದ್ಧವಾದ ತಿಳಿನೀಲಿ ಬಣ್ಣದ ಎಲಿಜಬೆತ್ ಇಗರ್ಜಿ, ಬೀದಿಯ ಚರಂಡಿಯ ಬಾಯಿಂದ ತಲೆಯೆತ್ತಿ ನೋಡುವ ಕಂಚಿನ ಕೂಲಿಯ ಪ್ರತಿಮೆ, ಇವೆಲ್ಲವೂ ಒಂದಾದ ಮೇಲೊಂದು ಬರುತ್ತವೆ. ಪ್ರತಿಯೊಂದಕ್ಕೂ ‘ಅತ್ಯದ್ಭುತ’, ‘ನಯನಮನೋಹರ’, ‘ವರ್ಣನಾತೀತ’ ಎಂಬ ಮೂರು ವಿಶೇಷಣಗಳಲ್ಲಿ ಒಂದು ಸರದಿಯಂತೆ ಸಲ್ಲುತ್ತದೆ. ಕೋಟೆಗೆ ಕೊಟ್ಟ ವಿಶೇಷಣವನ್ನೇ ಚರಂಡಿಯ ಪ್ರತಿಮೆಗೂ ಕೊಟ್ಟರೆ ಓದುಗನಿಗೆ ಯಾವುದೂ ಕಾಣುವುದಿಲ್ಲ. ನಮ್ಮ ಆಲಂಕಾರಿಕರು ಔಚಿತ್ಯವನ್ನು ಕಾವ್ಯದ ಜೀವವೆಂದರು. ಗದ್ಯಕ್ಕೂ ಅದೇ ಜೀವ. ವರ್ಣನಾತೀತವೆಂದು ಬರೆದವನು, ತಾನು ವರ್ಣಿಸುವ ಶ್ರಮವನ್ನು ತೆಗೆದುಕೊಳ್ಳಲಿಲ್ಲವೆಂದು ಒಪ್ಪಿಕೊಂಡಂತೆಯೇ ಸರಿ.

ಇದಕ್ಕಿಂತ ಗುರುತರವಾದ ದೋಷವೊಂದುಂಟು. ಲೇಖಕರು ಆ ಕೋಟೆಯನ್ನು ‘ಶತಮಾನಗಳ ಬಿಸಿಲುಮಳೆಗೆ ಜಗ್ಗದೆ ನಿಂತುದು’ ಎಂದು ಕೊಂಡಾಡಿರುವರು. ವಾಸ್ತವದಲ್ಲಿ ಅದು ೧೮೧೧ರ ಬೆಂಕಿಯಲ್ಲಿ ಸುಟ್ಟು, ನೂರು ವರ್ಷಗಳಿಗೂ ಮೀರಿ ಮೊಂಡುಗೋಡೆಯಾಗಿ ನಿಂತಿತ್ತು. ಇಂದು ಬೆಳ್ಳಗೆ ಹೊಳೆಯುವ ಕಟ್ಟಡವನ್ನು ಮತ್ತೆ ಕಟ್ಟಲು ತೊಡಗಿದುದು ೧೯೫೦ರ ದಶಕದಲ್ಲಿ. ಹಳೆಯದೆಂದು ಕಂಡುದು ಲೇಖಕರಿಗಿಂತ ಬಹಳ ಹಿರಿದೇನಲ್ಲ! ಪಟ್ಟಣದ ಹೆಸರೂ ಹಾಗೆಯೇ. ಬ್ರಾಟಿಸ್ಲಾವಾ ಎಂಬುದು ಅಧಿಕೃತವಾದುದು ೧೯೧೯ರಲ್ಲಿ. ಅದಕ್ಕೆ ಮೊದಲು ಜರ್ಮನರಿಗೆ ಅದು ಪ್ರೆಸ್‌ಬುರ್ಗ್, ಹಂಗೆರಿಯವರಿಗೆ ಪೊಝೋನಿ. ೧೫೬೩ರಿಂದ ೧೮೩೦ರವರೆಗೆ ಹಂಗೆರಿಯ ಅರಸರ ಪಟ್ಟಾಭಿಷೇಕವು ನಡೆಯುತ್ತಿದ್ದುದು ಅಲ್ಲಿಯ ಸಂತ ಮಾರ್ಟಿನ್ನನ ದೇವಾಲಯದಲ್ಲಿ. ೧೭೪೧ರಲ್ಲಿ ಮರಿಯ ತೆರೇಸಾ ರಾಣಿಯು ಕಿರೀಟ ಧರಿಸಿದುದೂ ಅಲ್ಲಿಯೇ. ದೇವಾಲಯದ ಗೋಪುರದ ತುದಿಯಲ್ಲಿ ಶಿಲುಬೆಯ ಬದಲು ಕಿರೀಟವಿರುವುದನ್ನು ಲೇಖಕರು ಕಂಡಿರುವರು, ಏಕೆಂದು ಕೇಳಿಲ್ಲ. ಈಗಿನ ದೇಶವು ಸ್ವತಂತ್ರವಾದುದು ೧೯೯೩ರ ಜನವರಿ ೧ರಂದು. ಒಂದೇ ಊರು ಬೇರೆ ಬೇರೆ ದೇಶಗಳಿಗೆ ರಾಜಧಾನಿಯಾಗಿ, ಬೇರೆ ಬೇರೆ ನಾಲಗೆಗಳಲ್ಲಿ ಬೇರೆ ಹೆಸರಾಗಿ ಬಾಳಿದೆ. ಹೀಗಿರಲು ‘ಪರದೇಶದ ರಾಜಧಾನಿಯನ್ನು ನೋಡಿದೆ’ ಎಂಬ ವಾಕ್ಯದಲ್ಲಿ ಯಾವ ದೇಶ, ಯಾವ ರಾಜಧಾನಿ ಎಂಬ ಪ್ರಶ್ನೆಯಾದರೂ ಏಳಬೇಕಾಗಿತ್ತು.

ಇಲ್ಲಿಯವರೆಗೆ ಬರೆದುದು ನನ್ನ ಮೊದಲನೆಯ ಓದಿನ ಫಲ. ಇಷ್ಟಕ್ಕೇ ನಿಂತಿದ್ದರೆ ಸಭೆಯ ನಗೆಗೆ ಒಂದು ಪಾಂಡಿತ್ಯದ ಅಂಗಿಯನ್ನು ತೊಡಿಸಿದಂತೆ ಆಗುತ್ತಿತ್ತು. ಎರಡನೆಯ ಓದಿನಲ್ಲಿ, ಹನ್ನೊಂದನೆಯ ಪುಟದ ಕೆಳತುದಿಯ ನಾಲ್ಕು ಸಾಲುಗಳು ನನ್ನನ್ನು ತಡೆದು ನಿಲ್ಲಿಸಿದುವು. ಗೋಷ್ಠಿಯಲ್ಲಿ ಅವನ್ನು ಓದುವಾಗ ಲೇಖಕರೇ ದನಿಯನ್ನು ತಗ್ಗಿಸಿ ಮುಂದೆ ಸಾಗಿದ್ದರು.

ಆ ಸಾಲುಗಳ ಸಾರಾಂಶವಿದು. ದೇವಾಲಯದ ಪಕ್ಕದಲ್ಲಿಯೇ ದೊಡ್ಡ ಹೆದ್ದಾರಿಯೊಂದು ಭೋರ್ಗರೆಯುತ್ತ ಸೇತುವೆಯ ಕಡೆಗೆ ಹೋಗುತ್ತಿತ್ತು. ಇಷ್ಟು ಹಳೆಯ ಗುಡಿಯ ಮೈಗೆ ತಾಗುವಂತೆ ಇಂತಹ ರಸ್ತೆಯನ್ನು ಏಕೆ ತಂದರೋ ಎಂದು ಅವರಿಗೆ ಬೇಸರವಾಯಿತು. ಅಲ್ಲಿಯೇ ಒಂದು ಕಪ್ಪು ಗೋಡೆಯ ಮೇಲೆ ಎರಡು ಗೋಪುರಗಳ ಕಟ್ಟಡವೊಂದರ ಚಿತ್ರವನ್ನು ಕೊರೆದಿದ್ದರು. ಅವರು ಸುತ್ತಲೂ ತಿರುಗಿ ಆ ಕಟ್ಟಡವನ್ನು ಹುಡುಕಿದರು, ಎಲ್ಲಿಯೂ ಕಾಣಲಿಲ್ಲ. ಅರ್ಥ ತಿಳಿಯದೆ, ಕಾಲೂ ನೋಯುತ್ತಿದ್ದುದರಿಂದ, ಸ್ವಲ್ಪ ಹೊತ್ತು ಅಲ್ಲಿಯೇ ಕುಳಿತಿದ್ದು ಎದ್ದು ಬಂದರು.

ಲೇಖಕರು ಹುಡುಕಿದ ಆ ಕಟ್ಟಡವು ಯೆಹೂದ್ಯರ ಪ್ರಾರ್ಥನಾಮಂದಿರ. ೧೯ನೆಯ ಶತಮಾನದ ಕೊನೆಯ ದಶಕದಲ್ಲಿ ಅದನ್ನು ದೇವಾಲಯದ ಪಕ್ಕದಲ್ಲಿಯೇ ಕಟ್ಟಿದ್ದರು. ಎರಡು ಧರ್ಮಗಳ ಗೋಪುರಗಳು ಅಕ್ಕಪಕ್ಕದಲ್ಲಿ ನಿಂತಿದ್ದುವು. ೧೯೪೨ರ ಮಾರ್ಚಿನಿಂದ ಅಕ್ಟೋಬರಿನವರೆಗೆ, ಹಿಟ್ಲರನ ಜೊತೆಗಾರನಾಗಿದ್ದ ಅಂದಿನ ಸ್ಲೊವಾಕ್ ಸರ್ಕಾರವು ಸುಮಾರು ೫೮,೦೦೦ ಯೆಹೂದ್ಯರನ್ನು ಮರಣದ ಶಿಬಿರಗಳ ಕಡೆಗೆ ಸಾಗಿಸಿತು. ಸಾಗಿಸಿದುದೂ ರೈಲಿನಲ್ಲಿಯೇ. ಮಂದಿರವು ಯುದ್ಧದಲ್ಲಿ ಉಳಿಯಿತು. ರಸ್ತೆಯ ಮುಂದೆ ಉಳಿಯಲಿಲ್ಲ. ೧೯೭೨ರಲ್ಲಿ ತೆರೆದ ಹೊಸ ಸೇತುವೆಗೆ ದಾರಿ ಮಾಡಲು ಹಳೆಯ ಯೆಹೂದ್ಯರ ಕೇರಿಯ ಬಹುಭಾಗವನ್ನು ಕೆಡವಿದರು. ಮಂದಿರವನ್ನು ೧೯೬೯ರಲ್ಲಿ ಒಡೆದರು. ಕಪ್ಪು ಗೋಡೆಯ ಸ್ಮಾರಕದಲ್ಲಿ ‘ನೆನೆ’ ಎಂಬ ಅರ್ಥದ ಮಾತನ್ನು ಕೆತ್ತಿದೆ.

ಈಗ ಆ ನಾಲ್ಕು ಸಾಲುಗಳನ್ನು ಮತ್ತೆ ನೋಡಿರಿ. ಒಂಬತ್ತು ಪುಟಗಳಲ್ಲಿ ಲೇಖಕರು ಇದ್ದುದನ್ನು ಪಟ್ಟಿ ಮಾಡಿದರು. ಇಲ್ಲಿ ಮಾತ್ರ ಇಲ್ಲದುದನ್ನು ಹುಡುಕಿದರು. ವಿಶೇಷಣವಿಲ್ಲ, ಉದ್ಗಾರವಿಲ್ಲ. ‘ಕಾಣಲಿಲ್ಲ, ತಿಳಿಯಲಿಲ್ಲ, ಕುಳಿತಿದ್ದೆ’ ಎಂಬ ಮೂರು ಕ್ರಿಯಾಪದಗಳಿವೆ. ರಸ್ತೆಯ ವಿಷಯದ ಬೇಸರವೂ ಗೋಡೆಯ ಚಿತ್ರದ ವಿಷಯದ ಬೆರಗೂ ಒಂದೇ ಕಥೆಯ ಎರಡು ತುದಿಗಳೆಂಬುದು ಅವರಿಗೆ ತಿಳಿದಿರಲಿಲ್ಲ. ಆದರೂ ಎರಡನ್ನೂ ಒಂದೇ ಉಸಿರಿನಲ್ಲಿ ಬರೆದಿರುವರು. ಪುಸ್ತಕವನ್ನು ಓದಿ ಹೋದ ಪ್ರವಾಸಿಯು ಎರಡು ನಿಮಿಷ ನಿಂತು, ತಿಳಿದುದನ್ನು ತಾಳೆ ನೋಡಿ ಹೋಗಿಬಿಡುತ್ತಿದ್ದನೇನೋ. ತಿಳಿಯದ ಈ ಮನುಷ್ಯನು ಸುತ್ತಲೂ ತಿರುಗಿ ಹುಡುಕಿದನು. ಯಾರ ನೆನಪಿಗಾಗಿ ಆ ಗೋಡೆಯನ್ನು ನಿಲ್ಲಿಸಿದರೋ, ಅವರಿಗೆ ಸಲ್ಲಬೇಕಾದ ಮರ್ಯಾದೆಯು ಅವನಿಂದ ಸಂದಿತೆಂದೇ ನನ್ನ ಭಾವನೆ. ಎಂಟು ತಾಸುಗಳಲ್ಲಿ ಏನು ಸಾಧ್ಯ ಎಂದು ಕೇಳಿದೆವಲ್ಲವೆ? ಇಷ್ಟು ಸಾಧ್ಯ. ಇದೇನು ಅಲ್ಪವಲ್ಲ.

ಇಲ್ಲಿ ನನ್ನದೇ ಒಂದು ಮಾತನ್ನು ಹೇಳದೆ ಮುಂದುವರಿಯುವುದು ಪ್ರಾಮಾಣಿಕವಾಗದು. ಈ ಊರಿನಲ್ಲಿ ನಾನು ನಾಲ್ವತ್ತು ವರ್ಷಗಳಿಂದ ವಾಸವಾಗಿರುವೆನು. ರಸ್ತೆಯನ್ನು ಅಗಲ ಮಾಡುವಾಗ ನಮ್ಮ ಬೀದಿಯ ತುದಿಯಲ್ಲಿದ್ದ ಹಳೆಯ ಛತ್ರವನ್ನು ಕೆಡವಿದರು. ಅದರ ಜಗುಲಿಯ ಮೇಲೆ ಕುಳಿತು ನಾನೇ ಎಷ್ಟೋ ಸಂಜೆ ಪತ್ರಿಕೆಯನ್ನು ಓದಿದ್ದೆನು. ಅದನ್ನು ಕಟ್ಟಿಸಿದವರು ಯಾರು, ಅಲ್ಲಿ ಯಾರು ತಂಗುತ್ತಿದ್ದರು, ಕಂಬಗಳೆಷ್ಟಿದ್ದುವು ಎಂದು ಮೊನ್ನೆ ನನ್ನ ಮೊಮ್ಮಗನು ಕೇಳಿದಾಗ ನಾನು ಉತ್ತರ ಹೇಳಲಾರದೆ ಹೋದೆನು. ಅದರ ಚಿತ್ರವನ್ನು ಕೊರೆದ ಗೋಡೆಯೂ ಇಲ್ಲ. ಈ ಪತ್ರಿಕೆಯ ಆ ವರ್ಷದ ಸಂಚಿಕೆಗಳನ್ನೆಲ್ಲ ತಿರುವಿ ನೋಡಿದೆನು. ಛತ್ರದ ವಿಷಯವಾಗಿ ಒಂದು ಸಾಲೂ ಇಲ್ಲ. ಬರೆಯಬೇಕಾಗಿದ್ದವರಲ್ಲಿ ನಾನೂ ಒಬ್ಬನು. ನಾಲ್ವತ್ತು ವರ್ಷ ಇದ್ದವನಿಗೆ ಬರೆಯುವ ಅಧಿಕಾರವು ತಾನಾಗಿ ಬರುವುದಿಲ್ಲ. ಎಂಟು ತಾಸು ಇದ್ದವನಿಂದ ಅದು ತಾನಾಗಿ ಹೋಗುವುದೂ ಇಲ್ಲ. ಸಭೆಯಲ್ಲಿ ನಾನು ನಕ್ಕ ನಗೆಯನ್ನು ಈ ಮೂಲಕ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಹಾಗಾದರೆ ದಿನಯಾತ್ರೆಯ ಬರಹವು ಹೇಗಿರಬೇಕು? ಮುಂದೆ ಬರೆಯುವವರ ಪರಿಶೀಲನೆಗೆ ಮೂರು ಸೂಚನೆಗಳನ್ನು ಇಡುತ್ತೇನೆ. ಮೊದಲನೆಯದಾಗಿ, ಗಡಿಯಾರವನ್ನು ಮುಚ್ಚಿಡಬಾರದು. ಎಷ್ಟು ಗಂಟೆಗೆ ಇಳಿದೆ, ಎಷ್ಟು ಗಂಟೆಗೆ ಹತ್ತಿದೆ ಎಂಬುದನ್ನು ಸ್ಪಷ್ಟವಾಗಿ ಹೇಳಿದರೆ ಓದುಗನು ಅದಕ್ಕೆ ತಕ್ಕಷ್ಟನ್ನೇ ನಿರೀಕ್ಷಿಸುವನು. ಅಲ್ಪಕಾಲವು ದೋಷವಲ್ಲ, ಅಲ್ಪಕಾಲವನ್ನು ಬಹುಕಾಲವೆಂದು ನಟಿಸುವುದು ದೋಷ. ಎರಡನೆಯದಾಗಿ, ಕಂಡುದನ್ನೂ ಓದಿ ತಿಳಿದುದನ್ನೂ ಬೇರೆ ಬೇರೆಯಾಗಿ ಇಡಬೇಕು. ಕೋಟೆಯ ವಯಸ್ಸು ಕಣ್ಣಿಗೆ ಕಾಣುವುದಿಲ್ಲ, ಅದನ್ನು ಕೇಳಿಯೇ ತಿಳಿಯಬೇಕು. ಗೋಡೆಯ ಮುಂದಣ ಮೌನವು ಪುಸ್ತಕದಲ್ಲಿ ಸಿಕ್ಕುವುದಿಲ್ಲ, ಅಲ್ಲಿ ಕುಳಿತೇ ತಿಳಿಯಬೇಕು. ಮೂರನೆಯದಾಗಿ, ಹತ್ತನ್ನು ಬಿಟ್ಟು ಒಂದನ್ನು ಹಿಡಿಯಬೇಕು. ಹತ್ತು ಸ್ಥಳಗಳ ಪಟ್ಟಿಯನ್ನು ರೈಲುನಿಲ್ದಾಣದಲ್ಲಿ ಕೊಡುವ ಕಾಗದವೂ ಹೇಳುತ್ತದೆ. ಒಬ್ಬ ಕನ್ನಡಿಗನು ಕಾಲುನೋವಿನಿಂದ ಕುಳಿತ ಜಾಗವನ್ನು ಅವನಲ್ಲದೆ ಇನ್ನಾರೂ ಹೇಳಲಾರರು.

ಲೇಖನದ ಕೊನೆಯನ್ನು ಕುರಿತು ಒಂದು ಮಾತು. ಸಂಜೆಯ ರೈಲಿನಲ್ಲಿ ಕುಳಿತೊಡನೆಯೇ ನಿದ್ದೆ ಬಂದಿತೆಂದೂ, ಎಚ್ಚರವಾದಾಗ ವಿಯೆನ್ನಾ ಬಂದಿತ್ತೆಂದೂ ಬರೆದು ಲೇಖಕರು ಮುಗಿಸಿರುವರು. ಸಭೆಯು ಅತಿ ಹೆಚ್ಚಾಗಿ ನಕ್ಕುದು ಇಲ್ಲಿಯೇ. ಈ ಮುಕ್ತಾಯವನ್ನು ಬದಲಾಯಿಸಬಾರದೆಂದು ನಾನು ಕೇಳಿಕೊಳ್ಳುತ್ತೇನೆ. ಬ್ರಾಟಿಸ್ಲಾವಾದ ಕೋಟೆಯ ಮೇಲಿನಿಂದ ನೋಡಿದರೆ ಆಸ್ಟ್ರಿಯದ ನೆಲವು ಕಾಣುತ್ತದೆ. ನಾಲ್ಕು ದಶಕಗಳ ಕಾಲ ಆ ಊರಿನ ಜನರು ಅದನ್ನು ದಿನವೂ ನೋಡಿದರು, ಅಲ್ಲಿಗೆ ಹೋಗುವಂತಿರಲಿಲ್ಲ. ಅದೇ ಗಡಿಯನ್ನು ಮುದುಕನೊಬ್ಬನು ಮರಳುವ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ನಿದ್ದೆಯಲ್ಲಿ ದಾಟಿದನೆಂದರೆ, ಅದು ನಗೆಯ ಮಾತಲ್ಲ. ಆದರೆ ಆ ನಿದ್ದೆಯ ಬೆಲೆಯು ಓದುಗನಿಗೆ ತಿಳಿಯಬೇಕಾದರೆ, ಬೆಳಗ್ಗೆ ಮೊರಾವಾ ನದಿಯನ್ನು ದಾಟುವಾಗ ಲೇಖಕರು ಎಚ್ಚರವಾಗಿರಬೇಕು.

ಆದುದರಿಂದ ಮಿತ್ರರಲ್ಲಿ ನನ್ನ ವಿನಂತಿ: ಹಸ್ತಪ್ರತಿಯನ್ನು ಮರಳಿ ಕಳುಹಿಸುತ್ತಿದ್ದೇನೆ. ಒಂಬತ್ತು ಪುಟಗಳನ್ನು ಒಂದು ಪುಟವಾಗಿಸಿ, ನಾಲ್ಕು ಸಾಲುಗಳನ್ನು ನಾಲ್ಕು ಪುಟಗಳಾಗಿಸಿ ಬರೆದುಕೊಡಿರಿ. ಅವಸರವಿಲ್ಲ. ಸಿದ್ಧವಾದಾಗ ಈ ಪತ್ರಿಕೆಯಲ್ಲಿ ಅದಕ್ಕೆ ಸ್ಥಳವಿರುವುದೆಂದು ಸಂಪಾದಕರು ಒಪ್ಪಿರುವರು. ಅಷ್ಟರಲ್ಲಿ, ನಮ್ಮ ಬೀದಿಯ ಛತ್ರದ ವಿಷಯವಾಗಿ ತಿಳಿದ ಹಿರಿಯರು ಯಾರಾದರೂ ಇದ್ದಲ್ಲಿ, ಅವರಿರುವಲ್ಲಿಗೆ ಬಂದು ಕೇಳಿ ಬರೆದುಕೊಳ್ಳಲು ಪ್ರಕೃತ ಲೇಖಕನು ಸಿದ್ಧನಾಗಿರುವನು.